ನಮ್ಮ ಮೋರಿಗೆ ಬಂದ ಶುಕ್ರದೆಸೆ

ನಮ್ಮ ಮನೆ ಹಿಂದೆ ಒಂದು ಮೋರಿ ಇದೆ. ನನಗೆ ಬುದ್ಧಿ ಬಂದಾಗಿನಿಂದ ಅದು ಮೋರಿಯೇ. ಬಾಲು ಅದರೊಳಗೆ ಬಿದ್ದರೆ ಬ್ಯಾಟ್ಸ್‌ಮನ್ ಔಟು, ಇಳಿದು ತರಬೇಕಾದವನೂ ಅವನೇ. ಇದು ನಮ್ಮ ಬೀದಿಯ ಕ್ರಿಕೆಟ್ ಕಾನೂನು. ಮೊನ್ನೆ ಬೆಳಗ್ಗೆ ಹಾಲು ತರಲು ಹೋದಾಗ ನೋಡುತ್ತೇನೆ, ಮೋರಿ ಪಕ್ಕ ಎರಡಾಳೆತ್ತರದ ಫ್ಲೆಕ್ಸ್ ನಿಂತಿದೆ. 'ಹಸಿರು-ನೀಲಿ ಕಾರಿಡಾರ್: ಜಲತೀರದ ನಡಿಗೆ ಮತ್ತು ಸೈಕಲ್ ಪಥ'. ಒಂದು ರಾತ್ರಿ ಕಳೆಯುವುದರೊಳಗೆ ನಾವು ಜಲತೀರದ ನಿವಾಸಿಗಳಾಗಿಬಿಟ್ಟಿದ್ದೆವು.

ಈ ಮೋರಿಗೆ ಹೆಸರು ಬದಲಾಗುವುದು ಹೊಸದೇನಲ್ಲ. ಕಸ ಸುರಿಯುವಾಗ ಅದು ಮೋರಿ. ಯಾರಿಗಾದರೂ ನೋಟಿಸ್ ಕೊಡಬೇಕಾದಾಗ ರಾಜಕಾಲುವೆ. ಹಳೇ ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕರ ಉಪಯೋಗಕ್ಕೆಂದು ಬಿಟ್ಟ ಜಾಗ. ಈಗ ಅನುದಾನ ಬರುವ ಸೂಚನೆ ಇರುವುದರಿಂದ ಕಾರಿಡಾರ್.

ಕೋಲಾರದವರಿಗೆ ನದಿ ತೀರ ಅನ್ನುವುದು ಪಠ್ಯಪುಸ್ತಕದ ಮಾತು. ವರ್ಷಪೂರ್ತಿ ಹರಿಯುವ ಒಂದೇ ಒಂದು ನದಿ ನಮಗಿಲ್ಲ. ಪಾಲಾರ್ ಇದೆ ಅಲ್ವಾ ಅಂತ ಯಾರಾದರೂ ಕೇಳಬಹುದು. ಇದೆ. ಮ್ಯಾಪಿನಲ್ಲಿ ನೀಲಿ ಗೆರೆ, ನೆಲದ ಮೇಲೆ ಮರಳು, ಈಗೀಗ ಆ ಮರಳೂ ಅನುಮಾನ. ನದಿ ಇಲ್ಲದ್ದಕ್ಕೇ ನಮ್ಮ ಹಿಂದಿನವರು ಕೆರೆ ಕಟ್ಟಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮುಂಚೆ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಕೆರೆಗಳಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದ್ದಕ್ಕೆ, ಅದು ತುಂಬಿದರೆ ಅದರ ಕೆಳಗಿನದ್ದಕ್ಕೆ. ನೀರು ಮನೆಯಿಂದ ಮನೆಗೆ ಹೋಗುವ ನೆಂಟರ ಹಾಗೆ ಓಡಾಡುತ್ತಿತ್ತು. ಆ ನೆಂಟರು ನಡೆಯುವ ದಾರಿಯೇ ಈ ಕಾಲುವೆಗಳು. ನಮ್ಮದು ಬೆಟ್ಟದ ಕಡೆಯಿಂದ ಇಳಿದು ಊರಿನ ಹೊಟ್ಟೆ ಸೀಳಿಕೊಂಡು ಕೆರೆಗೆ ಹೋಗುತ್ತದೆ. ಹೋಗುತ್ತಿತ್ತು.

ಇರಲಿ, ಫ್ಲೆಕ್ಸಿನ ಚಿತ್ರಕ್ಕೆ ಬರೋಣ. ನಾನು ಹಾಲಿನ ಪಾಕೆಟ್ ಹಿಡಿದುಕೊಂಡು ಹತ್ತು ನಿಮಿಷ ಅದರ ಮುಂದೆ ನಿಂತಿದ್ದೆ. ಕಂಪ್ಯೂಟರಿನಲ್ಲಿ ಮಾಡಿದ ತ್ರೀಡಿ ಚಿತ್ರ. ಕನ್ನಡಿಯಂಥ ನೀಲಿ ನೀರು. ನಮ್ಮ ಕಾಲುವೆಯಲ್ಲಿ ನೀಲಿ ಬಣ್ಣದ್ದು ಅಂತ ಇದುವರೆಗೆ ನಾನು ಕಂಡಿರುವುದು ಒಂದು ಒಡೆದ ಡ್ರಮ್ಮು ಮಾತ್ರ. ದಡದಲ್ಲಿ ಕೆಂಪು ಎಲೆಯ ಮರಗಳು. ಹೊಂಗೆ, ಹುಣಸೆ, ನೇರಳೆ ಬೆಳೆಯುವ ಊರಿಗೆ ಅವು ಯಾವ ದೇಶದಿಂದ ಬಂದವೋ. ಬಿಳಿ ಹೆಂಗಸೊಬ್ಬಳು ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದಾಳೆ. ಹೆಲ್ಮೆಟ್ ಹಾಕಿದ ಗಂಡಸು ಸೈಕಲ್ ಮೇಲೆ ಬಗ್ಗಿದ್ದಾನೆ. ಒಂದು ನಾಯಿ ಇದೆ, ಅದಕ್ಕೆ ಬೆಲ್ಟಿದೆ. ನಮ್ಮ ಬೀದಿಯ ನಾಯಿಗಳು ಅದನ್ನು ಜಲತೀರದಲ್ಲಿ ಎಷ್ಟು ದೂರ ನಡೆಯಲು ಬಿಡುತ್ತವೆ ಅನ್ನುವುದು ಬೇರೆ ವಿಷಯ. ಚಿತ್ರದಲ್ಲಿ ಇಲ್ಲದವರು ಅಂದರೆ ಈಗ ಆ ದಾರಿಯಲ್ಲಿ ದಿನಾ ಓಡಾಡುವವರು. ಡೈರಿಗೆ ಕ್ಯಾನು ಸಾಗಿಸುವ ಮೊಪೆಡ್‌ನವರು, ಮಾರ್ಕೆಟ್ಟಿನಲ್ಲಿ ಟೊಮೆಟೊ ಬಾಕ್ಸ್ ಹೊತ್ತು ಮನೆಗೆ ಮರಳುವವರು, ಸಕ್ಕರೆ ಕಾಯಿಲೆಗೆ ಹೆದರಿ ಐದು ಗಂಟೆಗೇ ಎದ್ದು ಕೈ ಬೀಸುವ ನಮ್ಮ ಮೇಷ್ಟ್ರುಗಳು, ಹದಿನೈದು ಕುರಿ ಮತ್ತು ಅವನ್ನು ಕಾಯುವ ಒಬ್ಬಾಕೆ.

ಯೋಜನೆ ಅಂದಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಕೇಳಿದರು. ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಕೇಳಿದರು. ಸಾರ್ವಜನಿಕರು ಅಷ್ಟೊತ್ತಿಗೆ ಬೆಂಗಳೂರಿಗೆ ಹೋಗಿ ಸೀಟಿನಲ್ಲಿ ಕೂತಿರುತ್ತಾರೆ. ಸೂಚನಾಪತ್ರವನ್ನು ಕಚೇರಿಯ ಒಳಗಿನ ಬೋರ್ಡಿಗೆ, ಬೀರುವಿನ ಹಿಂದೆ ಅಂಟಿಸಿದ್ದರಂತೆ. ಆದರೂ ಉಪ್ಪಿಟ್ಟು, ಕೇಸರಿಬಾತು ಇದೆಯೆಂಬ ಸುದ್ದಿ ಹೇಗೋ ಹಬ್ಬಿ ನಿವೃತ್ತರು ಒಂದಷ್ಟು ಜನ ಸೇರಿದ್ದೆವು. ಬಾಗಿಲಲ್ಲೇ ಒಂದು ಪುಸ್ತಕದಲ್ಲಿ ಹೆಸರು, ಫೋನ್ ನಂಬರು, ಸಹಿ. ಸಹಿ ಹಾಕಿದವರಿಗೆ ತಟ್ಟೆ.

ನಮ್ಮ ಬೀದಿಯ ತಾತನೂ ಬಂದಿದ್ದರು. ಅವರ ಅಪ್ಪ, ಅಜ್ಜ ಎಲ್ಲ ನೀರಗಂಟಿಗಳು. ಯಾವ ತೂಬು ಎಷ್ಟು ಹೊತ್ತು ಎತ್ತಬೇಕು, ಯಾರ ಗದ್ದೆಗೆ ಮೊದಲು ನೀರು ಅಂತ ನೋಡುತ್ತಿದ್ದ ಮನೆತನ. ಗದ್ದೆಗಳೆಲ್ಲ ಸೈಟಾದ ಮೇಲೆ ಆ ಕೆಲಸ ಇಲ್ಲ, ಬರೀ ಹೆಸರು ಉಳಿದಿದೆ.

ಬೆಂಗಳೂರಿನಿಂದ ಬಂದಿದ್ದ ಕನ್ಸಲ್ಟೆಂಟ್ ಹುಡುಗ ಒಳ್ಳೆಯವನೇ. ಪಾಪ, ಬಿಸಿಲಿಗೆ ಕೆಂಪಾಗಿದ್ದ. ಪರದೆ ಮೇಲೆ ದಕ್ಷಿಣ ಕೊರಿಯಾದ ಸೋಲ್ ನಗರ ತೋರಿಸಿದ. ಅಲ್ಲಿ ಚೊಂಗ್ಗೆಚೋನ್ ಅನ್ನುವ ಹಳ್ಳ.

"ಚೆಂಗಚೆರುವಾ? ಮುಳಬಾಗಿಲ ಕಡೇದಾ?" ಅಂದರು ತಾತ.

ಸಭೆ ನಕ್ಕಿತು. ನಕ್ಕವರಲ್ಲಿ ಆ ಹೆಸರನ್ನು ಸರಿಯಾಗಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಆ ಹಳ್ಳವನ್ನು ಕಾಂಕ್ರೀಟಿನಿಂದ ಮುಚ್ಚಿ ಮೇಲೆ ಫ್ಲೈಓವರ್ ಕಟ್ಟಿದ್ದರಂತೆ. ಆಮೇಲೆ ಬುದ್ಧಿ ಬಂದು ಫ್ಲೈಓವರನ್ನೇ ಕಿತ್ತು, 2005ರಲ್ಲಿ ಹಳ್ಳದ ದಂಡೆಯನ್ನು ಜನರಿಗೆ ಬಿಟ್ಟರು. ನಿಜಕ್ಕೂ ದೊಡ್ಡ ಕೆಲಸ. ಆದರೆ ಅಲ್ಲಿ ಹರಿಯುವ ನೀರು ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿದ್ದು ಅನ್ನುವುದು ಸ್ಲೈಡಿನಲ್ಲಿ ಇರಲಿಲ್ಲ. ಮುಂದಿನ ಸ್ಲೈಡು ಅಹಮದಾಬಾದಿನ ಸಾಬರಮತಿ. ಅಲ್ಲಿಗೂ ನರ್ಮದಾ ಕಾಲುವೆಯ ನೀರು ತರಬೇಕು. ನಾನು ಎದ್ದು, "ಸಾರ್, ನಮ್ಮ ಕಾಲುವೆಗೆ ನೀರು ಎಲ್ಲಿಂದ?" ಅಂದೆ.

"ಅದು ಫೇಸ್ ಟೂನಲ್ಲಿ ಬರುತ್ತೆ ಸಾರ್."

ಫೇಸ್ ಒನ್‌ನಲ್ಲಿ ಜಲತೀರ, ಫೇಸ್ ಟೂನಲ್ಲಿ ಜಲ. ಮೊದಲು ಒಡವೆ ಮಾಡಿಸಿ ಆಮೇಲೆ ಹೆಣ್ಣು ಹುಡುಕುವ ಲೆಕ್ಕ.

ಬೆಂಗಳೂರಿನ ಕೋರಮಂಗಲ ಕಣಿವೆಯ ರಾಜಕಾಲುವೆಗೂ ಇಂಥದ್ದೊಂದು ಯೋಜನೆ ಇದೆ, ಅದಕ್ಕೆ ಕೆ-100 ಅಂತ ಹೆಸರು. ಅದನ್ನೂ ತೋರಿಸಿದ. ನಮಗೆ ಆ ಕಣಿವೆ ಚೆನ್ನಾಗಿ ಗೊತ್ತು. ಕೆ.ಸಿ. ವ್ಯಾಲಿ ಅಂದರೆ ಕೋರಮಂಗಲ-ಚಲ್ಲಘಟ್ಟ ತಾನೇ. 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದು ಅಲ್ಲಿನ ಕೊಳಚೆ ನೀರು, ಎರಡು ಹಂತ ಶುದ್ಧಿ ಮಾಡಿದ್ದು. ಮೂರನೇ ಹಂತವೂ ಆಗಲಿ ಅಂತ ಇಲ್ಲಿನ ಜನ ಗಂಟಲು ಹರಿದುಕೊಂಡಿದ್ದಾರೆ, ಕೋರ್ಟಿಗೂ ಹೋಗಿ ಬಂದಿದ್ದಾರೆ. ಈಗ ಪ್ಲಾನೂ ಅಲ್ಲಿಂದಲೇ ಬಂದಿದೆ. ಅದೂ ಎರಡು ಹಂತದವರೆಗೆ ಮಾತ್ರ ಶುದ್ಧಿಯಾದಂತೆ ಕಾಣುತ್ತದೆ.

ಪಥ ಎಲ್ಲಿ ಹೋಗಬೇಕು ಅಂತ ಗುರುತು ಮಾಡುವ ದಿನ ನಾನೂ ಸುಮ್ನೆ ಅವರ ಹಿಂದೆ ಹೋದೆ. ಕೈಯಲ್ಲಿ ಗ್ರಾಮ ನಕ್ಷೆ. ನಕ್ಷೆಯಲ್ಲಿ ಕಾಲುವೆ ಅಂದರೆ ಕಾಲುವೆ. ಎರಡು ಗೆರೆ, ನಡುವೆ ಧಾರಾಳ ಜಾಗ, ಬೆಟ್ಟದ ಬುಡದಿಂದ ಕೆರೆಯವರೆಗೆ ಎಲ್ಲೂ ಕಡಿಯದ ಹರಿವು. ಮೊದಲ ನೂರು ಹೆಜ್ಜೆ ನೆಲವೂ ನಕ್ಷೆಯ ಮಾತು ಕೇಳಿತು. ಅಲ್ಲಿರುವುದು ಗುಡಿಸಲುಗಳು. ಸರ್ವೆಯವರು ಅವುಗಳ ಗೋಡೆಗೆ ಕೆಂಪು ಬಣ್ಣದಲ್ಲಿ ದೊಡ್ಡ ಅಡ್ಡಗುರುತು ಹಾಕಿದರು. ಅಳತೆ ಕರಾರುವಾಕ್ಕು, ಅರ್ಧ ಅಡಿಯೂ ಬಿಡಲಿಲ್ಲ.

ಅಲ್ಲಿಂದ ಮುಂದೆ ಒಂದು ಕಲ್ಯಾಣ ಮಂಟಪ. ನಕ್ಷೆಯ ಪ್ರಕಾರ ಅದರ ಊಟದ ಹಾಲಿನಲ್ಲಿ ಕಾಲುವೆ ಹರಿಯಬೇಕು, ಸರಿಸುಮಾರು ಪಾಯಸ ಬಡಿಸುವ ಜಾಗದಲ್ಲಿ. ಟೇಪು ಹಿಡಿದವನು ಗೋಡೆ ಮುಟ್ಟಿ ಹಿಂದಿರುಗಿ ನೋಡಿದ. ಸಾಹೇಬರು ಆಕಾಶ ನೋಡಿದರು. ಕನ್ಸಲ್ಟೆಂಟ್ ಹುಡುಗ ಟ್ಯಾಬಿನಲ್ಲಿ ಬೆರಳಾಡಿಸಿದ. ಪಥ ಎಡಕ್ಕೆ ತಿರುಗಿತು.

"ಇಲ್ಲಿ ಒಂದು ಕರ್ವ್ ಕೊಟ್ಟರೆ ವಾಕಿಂಗ್ ಮಾಡೋರಿಗೆ ಬೋರ್ ಆಗಲ್ಲ" ಅಂದರು ಸಾಹೇಬರು.

ಆಮೇಲೆ ಬೋರ್ ಆಗದ ಹಾಗೆ ಬಹಳ ಕಡೆ ನೋಡಿಕೊಂಡರು. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಬಂದಾಗ ಬಲಕ್ಕೆ. ಸ್ಕೂಲ್ ಬಸ್ ನಿಲ್ಲಿಸುವ ಮೈದಾನ ಬಂದಾಗ ಮತ್ತೆ ಎಡಕ್ಕೆ. ಒಂದು ಕಡೆ ಕಾಲುವೆ ಚಪ್ಪಡಿಯ ಕೆಳಗೆ ಹೋಗಿ, ಮೇಲೆ ಮೂರು ಅಂಗಡಿ ನಿಂತಿವೆ. ಅಲ್ಲಿ ಪಥವನ್ನು ಮುಖ್ಯರಸ್ತೆಗೆ ಹತ್ತಿಸಿ, ಬಸ್ಸು ಲಾರಿಗಳ ಜೊತೆ ಸ್ವಲ್ಪ ದೂರ ನಡೆಸಿ, ಮುಂದೆ ಇಳಿಸಿದರು. ಸಂಜೆ ಹೊತ್ತಿಗೆ ಗೆರೆ ಎಳೆದು ನೋಡಿದರೆ ಹಾವು ಹರಿದ ಹಾಗಿತ್ತು. ನಮ್ಮೂರಲ್ಲಿ ಯಾರು ಎಷ್ಟು ದೊಡ್ಡವರು ಅಂತ ತಿಳಿಯಬೇಕಾದರೆ ಇನ್ನು ಯಾರನ್ನೂ ಕೇಳಬೇಕಿಲ್ಲ. ಪಥ ಎಷ್ಟು ಬಾಗಿದೆ ಅಂತ ನೋಡಿದರಾಯಿತು. ಸೋಲ್ ನಗರದಲ್ಲಿ ಫ್ಲೈಓವರ್ ಕಿತ್ತರು. ಇಲ್ಲಿ ಒಂದು ಪಾಯಿಖಾನೆ ಗೋಡೆಗೆ ನಮಸ್ಕಾರ ಹಾಕಿ ಸುತ್ತಿ ಬಂದೆವು.

ಸೈಕಲ್ ವಿಷಯ ಮರೆತೆ. ಪಥದ ಬಾಯಲ್ಲಿ ಕಬ್ಬಿಣದ ಗೂಟಗಳು ಬರುತ್ತವಂತೆ, ಬೈಕಿನವರು ನುಗ್ಗಬಾರದು ಅಂತ. ಬೈಕ್ ನುಗ್ಗದ ಸಂದಿಯಲ್ಲಿ ಹಾಲಿನವನ ಸೈಕಲ್ಲೂ ನುಗ್ಗುವುದಿಲ್ಲ, ಅದರ ಎರಡು ಕಡೆ ಕ್ಯಾನಿರುತ್ತದೆ. ಹಾಗಾದರೆ ಹೇಗೆ ಅಂದರೆ, ಸೈಕಲನ್ನು ಎತ್ತಿ ಒಳಗೆ ಇಟ್ಟುಕೊಳ್ಳಬೇಕಂತೆ. ಫುಟ್‌ಪಾತ್ ಕಡಿಮೆಯೆಂದರೂ 1.8 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. ನಮ್ಮ ನಕ್ಷೆಯಲ್ಲಿ ಅಷ್ಟಿದೆ ಕೂಡ. ಅದರೊಳಗೆ ಬೀದಿದೀಪದ ಕಂಬ, ಕಲ್ಲುಬೆಂಚು, ಸೆಲ್ಫಿ ಪಾಯಿಂಟು, ಶಂಕುಸ್ಥಾಪನೆಯ ಕಲ್ಲು ಎಲ್ಲ ಹಿಡಿಸಬೇಕು. ಉಳಿದದ್ದರಲ್ಲಿ ಮನುಷ್ಯ ನಡೆಯಬಹುದು, ಪಕ್ಕಕ್ಕೆ ತಿರುಗಿದರೆ. ಕಣ್ಣು ಕಾಣದವರಿಗೆಂದು ಹಳದಿ ಗುಬುಟು ಟೈಲ್ಸಿನ ಸಾಲು ಬೇರೆ ಇದೆ. ನಾನು ಆ ಸಾಲನ್ನು ನಕ್ಷೆಯಲ್ಲಿ ಬೆರಳಿಟ್ಟು ಹಿಂಬಾಲಿಸಿದೆ. ಅದು ನೇರವಾಗಿ ಟ್ರಾನ್ಸ್‌ಫಾರ್ಮರಿಗೆ ಹೋಗಿ ಮುಟ್ಟುತ್ತದೆ.

ಇಷ್ಟೆಲ್ಲ ತಮಾಷೆ ಮಾಡಿದರೂ ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಒಂದೇ ಪುಟಕ್ಕೆ. ಕಾಲುವೆಯ ತಳಕ್ಕೆ ಮತ್ತು ಎರಡೂ ಮಗ್ಗುಲಿಗೆ ಕಾಂಕ್ರೀಟು. ನೋಡಲು ಚೊಕ್ಕ ಅಂತ. ನಮ್ಮದು ಗಟ್ಟಿ ಬಂಡೆಯ ನೆಲ, ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಧೂಳು ಬರುವ ಊರು. ಮಳೆ ನೀರು ಒಂದಿಷ್ಟಾದರೂ ನೆಲಕ್ಕೆ ಇಳಿಯುವುದು ಕೆರೆಯಂಗಳದಲ್ಲಿ ಮತ್ತು ಇಂಥ ಕಾಲುವೆಗಳ ಮಣ್ಣಿನ ತಳದಲ್ಲಿ. ಒಂದು ಕಡೆ ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕ ಹಾಕಿ, ಕೊಳವೆ ಹಾಕಿ, ಪಂಪು ಹಚ್ಚಿ, ಕರೆಂಟ್ ಬಿಲ್ ಕಟ್ಟಿ ಬೆಂಗಳೂರಿನವರು ಬಚ್ಚಲಿಗೆ ಬಿಟ್ಟ ನೀರನ್ನು ಅಂತರ್ಜಲಕ್ಕೆಂದು ತರುತ್ತೇವೆ. ಇನ್ನೊಂದು ಕಡೆ ಬೆಟ್ಟದಿಂದ ಪುಕ್ಕಟೆ ಇಳಿದು ಬರುವ ಮಳೆಗೆ, ತಳಕ್ಕೆ ಸಿಮೆಂಟು ಬಳಿದು, ನಿಲ್ಲಬೇಡ ಹೋಗು ಅನ್ನುತ್ತೇವೆ. ಎಲ್ಲಿಗೆ ಹೋಗಬೇಕು? ಚಪ್ಪಡಿ ಕೆಳಗಿನ ಕೊಳವೆಗೆ. ಅದು ಕಟ್ಟಿಕೊಂಡರೆ ನಮ್ಮ ಬೀದಿಗೆ. ಯೋಜನಾ ವರದಿಯಲ್ಲಿ 'ಸಂಭವನೀಯ ಅಡಚಣೆಗಳು' ಅಂತ ಒಂದು ಪಟ್ಟಿ ಇದೆ. ಮೊದಲು ಬಿಡಾಡಿ ದನಗಳು, ಆಮೇಲೆ ಸ್ಥಳೀಯರು, ಕೊನೆಗೆ ಮಳೆ.

ನಾನು ಒಂದು ಆಕ್ಷೇಪಣೆ ಬರೆದು ಕೊಟ್ಟೆ. ನೀರಿನ ಬಗ್ಗೆ ಮೂರು ಪುಟ. ಕೊನೆಯಲ್ಲಿ, ಕೈ ತುರಿಸಿತು, ಆ ಬಿಳಿ ಹೆಂಗಸಿನ ಬಗ್ಗೆ ಎರಡು ಸಾಲು. ಹದಿನೈದು ದಿನಕ್ಕೆ ಉತ್ತರ ಬಂತು. 'ತಮ್ಮ ಸಲಹೆಯನ್ನು ಪರಿಗಣಿಸಿ ವಿನ್ಯಾಸದಲ್ಲಿ ಸ್ಥಳೀಯ ಸಂಸ್ಕೃತಿಯನ್ನು ಅಳವಡಿಸಲಾಗಿದೆ.' ಜೊತೆಗೆ, ಸಭೆಯಲ್ಲಿ ಹಾಜರಿದ್ದ ಎಲ್ಲರೂ ಯೋಜನೆಗೆ ಲಿಖಿತ ಒಪ್ಪಿಗೆ ನೀಡಿದ್ದಾರೆ ಅಂತ ಒಂದು ಹಾಳೆಯ ಜೆರಾಕ್ಸ್. ಉಪ್ಪಿಟ್ಟಿಗೆ ಹಾಕಿದ ಸಹಿ. ಮೇಲಿಂದ ನಾಲ್ಕನೆಯದು ನನ್ನದು, ಐದನೆಯದು ತಾತನದು.

ಫ್ಲೆಕ್ಸೂ ಹೊಸದಾಗಿದೆ. ಬಿಳಿ ಹೆಂಗಸು ಇದ್ದಾಳೆ, ನಾಯಿ ಇದೆ, ಕೆಂಪು ಮರಗಳೂ ಇವೆ. ಅವುಗಳ ನಡುವೆ ಕಲ್ಲುಬೆಂಚಿನ ಮೇಲೆ ಪಂಚೆ ಉಟ್ಟು ರುಮಾಲು ಸುತ್ತಿದ ಮುದುಕನೊಬ್ಬ ಹೊಸದಾಗಿ ಬಂದು ಕೂತಿದ್ದಾನೆ. ಸ್ಥಳೀಯ ಸಂಸ್ಕೃತಿ.

ತಾತನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕನ್ನಡಕ ಒರೆಸಿಕೊಂಡು, ಹತ್ತಿರ ಹೋಗಿ, ಹಿಂದಿನ ಬೆಟ್ಟ ಯಾವುದು, ಪಕ್ಕದ ಏರಿ ಯಾವುದು ಅಂತ ಗುರುತು ಹಿಡಿದು ಬಹಳ ಹೊತ್ತು ನೋಡಿದರು. ಖುಷಿಯಾದರೇನೋ ಅಂದುಕೊಂಡೆ.

"ಏನಪ್ಪಾ, ಇವ್ನು ಎಲ್ಲಿ ಕುಂತವ್ನೆ ನೋಡ್ದಾ?" ಅಂದರು. "ಕೆರೆಗೆ ನೀರು ಬೀಳೋ ಬಾಯಲ್ಲಿ ಕುಂತವ್ನೆ. ಯಾರ ಮನೆಯವನೋ, ಎಬ್ಬಿಸೋಕೆ ಹೇಳು."