ಹೆಚ್ಚು ಪಾಯಿಂಟ್ ಗಳಿಸಿದವಳೇ ನಾಯಕಿಯಾ?

ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಹೆಚ್ಚು ಪಾಯಿಂಟ್ ಗಳಿಸುವವಳೇ ಸಹಜ ನಾಯಕಿ ಎಂದು ಬರೆದಿದ್ದೀರಿ. ಇದನ್ನು ಒಪ್ಪುವುದು ಕಷ್ಟ. ನಾನು ಆಡುತ್ತಿದ್ದಾಗ ನಮ್ಮ ಕ್ಯಾಪ್ಟನ್ ಸ್ಕೋರ್ ಮಾಡುತ್ತಿದ್ದುದು ಕಡಿಮೆ, ಬಾಯಿ ಮಾತ್ರ ಜೋರು! ಡಿಫೆನ್ಸ್‌ನಲ್ಲಿ ಬೇಕಾಗಿರುವುದೇ ಅದು. ಹಿಂದಿನಿಂದ ಸ್ಕ್ರೀನ್ (ದಾರಿ ತಡೆಯಲು ಅಡ್ಡ ನಿಲ್ಲುವ ಎದುರಾಳಿ) ಬರುತ್ತಿದೆ ಎಂದು ಯಾರೂ ಕೂಗಿ ಹೇಳದಿದ್ದರೆ ಎಷ್ಟೇ ಚುರುಕಾದ ಗಾರ್ಡ್ ಆದರೂ ಹೋಗಿ ಡಿಕ್ಕಿ ಹೊಡೆಯುತ್ತಾಳೆ. 5ನೇ ಫೌಲ್ ಆದರೆ ಆಟದಿಂದಲೇ ಹೊರಗೆ ಅಲ್ವಾ? ಜೊತೆಗಾತಿಗೆ 4 ಫೌಲ್ ಆಗಿದೆ ಎಂದು ಗಮನಿಸಿ, ಎದುರಾಳಿ ತಂಡದ ಗಟ್ಟಿ ಆಟಗಾರ್ತಿಯನ್ನು ತಡೆಯುವ ಕೆಲಸ ತಾನೇ ವಹಿಸಿಕೊಳ್ಳುವವಳು ಬೇಕು. ಪಾಯಿಂಟ್ ಪಟ್ಟಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಇನ್ನು ಬೆಂಚ್ ಮೇಲೆ ಸುಮ್ನೆ ಕೂತಿರುವ ಮೊದಲ ವರ್ಷದ ಹುಡುಗಿಯರನ್ನು ಮಾತಾಡಿಸುವುದು ಯಾರು? ಪಂದ್ಯದ ನಡುವೆ ಕೋಚ್‌ಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ!