ಫೋಟೋಗೆ ಅಡ್ಡ ಬಂದ ಹಳದಿ ಕಾರು

ಇಂಗ್ಲೆಂಡಿನಲ್ಲಿ ಸೈರನ್‌ಸೆಸ್ಟರ್ ಅಂತ ಹಳೇ ಸಂತೆಪೇಟೆ ಇದೆ. ಅಲ್ಲಿಂದ ಹನ್ನೊಂದು ಕಿಲೋಮೀಟರ್ ಹೋದರೆ ಬೈಬರಿ ಹಳ್ಳಿ. ಆ ಹಳ್ಳಿಯ ಹೆಸರು ನಿಂತಿರುವುದೇ ಒಂದು ಸಾಲುಮನೆಯ ಮೇಲೆ, ಆರ್ಲಿಂಗ್ಟನ್ ರೋ. ಜೇನು ಬಣ್ಣದ ಕಲ್ಲಿನ ಗೋಡೆ, ಕಡಿದಾದ ಸೂರು, ಮುಂದೆ ಕೋಲ್ನ್ ಹೊಳೆ. ಬ್ರಿಟಿಷ್ ಪಾಸ್‌ಪೋರ್ಟಿನ ಒಳಗೂ ಒಂದು ಕಾಲಕ್ಕೆ ಇದರ ಚಿತ್ರ ಇತ್ತು.

ಇಂಥ ಊರಿಗೆ ಒಂದು ಕಂಟಕ ಗಂಟುಬಿತ್ತು. ಅಲ್ಲೇ ಪಕ್ಕದಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜ ಇದ್ದರು. ಅವರಿಗೆ ಒಂದು ಪುಟ್ಟ ಕಾರು. ಅದನ್ನು ತಮ್ಮ ಮನೆ ಹತ್ತಿರವೇ ನಿಲ್ಲಿಸುತ್ತಿದ್ದರು. ಅದೇ ತಪ್ಪಾಗಿ ಹೋಯಿತು ನೋಡಿ, ಕಾರಿನ ಬಣ್ಣ ಹಳದಿ!

ಫೋಟೋ ತೆಗೆಯಲು ಬಂದವರು ಗೊಣಗಿದರು. ಇಷ್ಟು ಚೆಂದದ ಜಾಗದಲ್ಲಿ ಇದೆಂಥ ದರಿದ್ರ ಕಾರು ಅಂತ. ಗೊಣಗಿದವರು ಎತ್ತಿನ ಗಾಡಿಯಲ್ಲೇನೂ ಬಂದಿರಲಿಲ್ಲ. ಬಸ್ಸಿನಲ್ಲಿ, ಕಾರಿನಲ್ಲೇ ಬಂದಿದ್ದರು. ಆದರೆ ಕ್ಯಾಮೆರಾದ ಹಿಂದೆ ನಿಂತ ಕಾರು ಊರಿನ ಅಂದ ಕೆಡಿಸುವುದಿಲ್ಲ, ಅಲ್ವಾ? ಎತ್ತಿಗೆ ಜ್ವರ, ಎಮ್ಮೆಗೆ ಬರೆ. 2017ರ ಶುರುವಿನಲ್ಲಿ ಯಾರೋ ಪುಣ್ಯಾತ್ಮರು ಆ ಕಾರಿನ ಗಾಜು ಒಡೆದು, ಬಾನೆಟ್ಟಿನ ಮೇಲೆ ‘ಇಲ್ಲಿಂದ ತೆಗಿ’ ಅನ್ನೋ ಅರ್ಥದ ಮಾತು ಗೀಚಿ ಹೋದರು.

ಈ ಸಾಲುಮನೆ ಹುಟ್ಟಿದ್ದು ಫೋಟೋಗಂತೂ ಅಲ್ಲ. ಸುಮಾರು 1380ರಲ್ಲಿ ಕಟ್ಟಿದಾಗ ಇದು ಮಠದವರ ಉಣ್ಣೆ ಗೋದಾಮು. 17ನೇ ಶತಮಾನದಲ್ಲಿ ನೇಕಾರರ ಮನೆಗಳಾದವು. ನೇಯ್ದ ಬಟ್ಟೆಯನ್ನು ಎದುರಿನ ಜೌಗು ಹುಲ್ಲುಗಾವಲಲ್ಲಿ ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸುತ್ತಿದ್ದರು. ಆ ಚೌಕಟ್ಟಿಗೆ ಇಂಗ್ಲಿಷಿನಲ್ಲಿ ರ‍್ಯಾಕ್ ಅಂತಾರೆ, ಅದಕ್ಕೇ ಆ ಜಾಗದ ಹೆಸರು ರ‍್ಯಾಕ್ ಐಲ್. ಕುರಿ ವಾಸನೆ, ಒದ್ದೆ ಬಟ್ಟೆ, ಗಾಡಿ ಗದ್ದಲ ಎಲ್ಲ ಇದ್ದಿರಲೇಬೇಕು. ಆಗ ಬಟ್ಟೆ ಒಣಗಿಸಿದ್ದು ಇವತ್ತು ಪರಂಪರೆ. ಇವತ್ತು ಯಾರಾದರೂ ಅಲ್ಲೇ ಒಂದು ಪಂಚೆ ಹರವಲಿ ನೋಡೋಣ!

ಅಂದರೆ ಮನೆ ಬೇಕು, ಮನುಷ್ಯರು ಬೇಡ. ಕಿಟಕಿ ಬೇಕು, ಅದರಿಂದ ಯಾರೂ ಇಣುಕಬಾರದು. ಅಜ್ಜ ದಿನಸಿ ತರಲು ಹೋಗಬೇಕಾದರೆ ಹದಿನಾಲ್ಕನೇ ಶತಮಾನದ ಕುದುರೆ ಏರಿ ಹೋಗಬೇಕು. ಅದೂ ಮಾಸಲು ಬಣ್ಣದ್ದೇ ಆಗಿರಬೇಕು.

ಇದಕ್ಕೆ ಹಿಂದೆಯೇ ಒಬ್ಬರು ಉಪಾಯ ಮಾಡಿದ್ದರು. ಹೆನ್ರಿ ಫೋರ್ಡ್ ಈ ಸಾಲುಮನೆಯನ್ನೇ ಕಿತ್ತು ಅಮೆರಿಕಕ್ಕೆ ಸಾಗಿಸಲು ಹೊರಟಿದ್ದರು ಅಂತ ಈಗಲೂ ಹೇಳುತ್ತಾರೆ. ಅದು ಸಿಗಲಿಲ್ಲ. ಆದರೆ ಹತ್ತಿರದ ಚೆಡ್‌ವರ್ತ್‌ನಿಂದ ಒಂದು ಮನೆ ಕೊಂಡು, ಕಲ್ಲು ಕಲ್ಲು ಬಿಚ್ಚಿ, 1930ರಲ್ಲಿ ಮಿಷಿಗನ್‌ಗೆ ಸಾಗಿಸಿದ್ದು ನಿಜ. ಈಗಲೂ ಅಲ್ಲಿನ ಅವರ ಮ್ಯೂಸಿಯಂ ಹಳ್ಳಿಯಲ್ಲಿ ಅದು ನಿಂತಿದೆ. ಅಡ್ಡ ಬರೋ ಅಜ್ಜ ಇಲ್ಲ, ಅಜ್ಜನ ಕಾರೂ ಇಲ್ಲ. ಜಗತ್ತಿಗೆಲ್ಲ ಕಾರು ಹಂಚಿದ ಮನುಷ್ಯ ಕಾರು ಬರುವ ಮುಂಚಿನ ಕಾಲದ ಮನೆ ಬೇಕು ಅಂತ ಆಸೆಪಟ್ಟಿದ್ದು ನೋಡಿ.

ಬೈಬರಿಯ ಕತೆ ಅಲ್ಲಿಗೇ ಮುಗಿಯಲಿಲ್ಲ. ಏಪ್ರಿಲ್ 2017ರಲ್ಲಿ ಅಜ್ಜನ ಪರವಾಗಿ ದೇಶದ ಮೂಲೆಮೂಲೆಯಿಂದ ನೂರರಷ್ಟು ಕಾರುಗಳು ಮೆರವಣಿಗೆ ಬಂದವು. ಎಲ್ಲವೂ ಹಳದಿ. ಅದರಲ್ಲಿ ಫೋರ್ಡ್ ಎಷ್ಟಿದ್ದವು ಅಂತ ಯಾರಾದರೂ ಎಣಿಸಬೇಕಿತ್ತು.