ಶಿರಸಿಗೆ ಮಳೆಹಬ್ಬ ಬೇಕೇ?

ಚಳಿ ಜಾಸ್ತಿ ಇರುವ ದೇಶಗಳ ಬೆಟ್ಟದೂರುಗಳು ಮಂಜುಗಡ್ಡೆಯ ಹಬ್ಬ ಮಾಡಿ ಚಳಿಗಾಲದಲ್ಲೂ ದುಡಿಯುತ್ತವೆ. ನಮ್ಮಲ್ಲಿ ಮಂಜುಗಡ್ಡೆ ಇಲ್ಲ, ಮಳೆ ಇದೆ. ಹಾಗಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೇರಿ ಆಗಸ್ಟ್‌ನಲ್ಲಿ ಒಂದು ಮಳೆಹಬ್ಬ ಮಾಡಬಹುದಲ್ವಾ? ಪೇಟೆಯ ಒಬ್ಬ ಅಂಗಡಿಕಾರರು ಬೇಕು ಅನ್ನುತ್ತಾರೆ. ಸಿದ್ದಾಪುರ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಬೇಡ ಅನ್ನುತ್ತಾರೆ.

ಪರ: ಮಳೆಯನ್ನೇ ಸೀಸನ್ ಮಾಡಿಕೊಳ್ಳೋಣ

ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಶಿರಸಿ ಪೇಟೆಯ ವ್ಯಾಪಾರ ಅಲ್ಲಿಗೆ ಮುಗೀತು. ಅಡಿಕೆ ಮಾರಿದ ದುಡ್ಡು ಬೇಸಿಗೆಯ ಮದುವೆ, ಉಪನಯನಕ್ಕೆ ಖರ್ಚಾಗಿರುತ್ತದೆ. ಉಳಿದದ್ದು ಮಕ್ಕಳ ಶಾಲೆ ಫೀಸಿಗೆ ಹೋಗಿರುತ್ತದೆ. ಅಂಗಡಿಗೆ ಬಂದವರು ಸಾಮಾನು ಕಟ್ಟಿಸಿಕೊಂಡು 'ಬರ್ದಿಟ್ಕಳಿ' ಅನ್ನುತ್ತಾರೆ. ನಾವೂ ಬರೆದಿಡುತ್ತೇವೆ, ಬೇರೆ ದಾರಿ ಇಲ್ಲ. ಟ್ಯಾಕ್ಸಿಯವರು ಸ್ಟ್ಯಾಂಡಿನಲ್ಲಿ ಗಾಜು ಏರಿಸಿಕೊಂಡು ನಿದ್ದೆ ಮಾಡುತ್ತಾರೆ. ಸಾಲ ಮಾಡಿ ಕಟ್ಟಿದ ಹೋಂಸ್ಟೇಗಳ ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಘಟ್ಟದ ಕೆಳಗೂ ಇದೇ ಕಥೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ.

ಮಾರಿಕಾಂಬಾ ಜಾತ್ರೆ ಇದೆಯಲ್ಲ ಅನ್ನುತ್ತಾರೆ. ಇದೆ. ಅದು ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ವಾರ ಊರೇ ತುಂಬುತ್ತದೆ. ಆದರೆ ಅದೂ ಬೇಸಿಗೆಗೆ. ಬನವಾಸಿಯ ಕದಂಬೋತ್ಸವವೂ ಮಳೆಗಾಲಕ್ಕಲ್ಲ, ಕಾರವಾರದ ಕರಾವಳಿ ಉತ್ಸವವೂ ಅಲ್ಲ. ಜನ ಹೇಗಿದ್ದರೂ ಬರುವ ಕಾಲಕ್ಕೇ ನಾವು ಹಬ್ಬ ಇಟ್ಟುಕೊಂಡಿದ್ದೇವೆ. ಯಾರೂ ಬಂದು ಉಳಿಯದ ಕಾಲಕ್ಕೆ ಒಂದೂ ಇಲ್ಲ.

ಅಮೆರಿಕದ ಕೊಲೊರಾಡೋ ಬೆಟ್ಟಗಳಲ್ಲಿ ಯುರೇ ಅಂತ ಒಂದು ಊರಿದೆ. ಹಿಂದೆ ಅಲ್ಲಿ ಬೆಳ್ಳಿ ಗಣಿ ಇತ್ತು. ಈಗ ಸಾವಿರದಷ್ಟು ಜನ ಇದ್ದಾರೆ. ಬೇಸಿಗೆಯಲ್ಲಿ ಪ್ರವಾಸಿಗರು ಬರುತ್ತಿದ್ದರು, ಚಳಿಗಾಲದಲ್ಲಿ ಪೇಟೆ ನಿದ್ದೆ ಹೋಗುತ್ತಿತ್ತು. ಊರಿನ ಪಕ್ಕದ ಕಂದರದಲ್ಲಿ ಪೈಪಿನಿಂದ ಸೋರಿದ ನೀರು ಬಂಡೆಯ ಮೇಲೆ ಹೆಪ್ಪುಗಟ್ಟಿ ದೊಡ್ಡ ದೊಡ್ಡ ಮಂಜುಗಡ್ಡೆಯ ಗೋಡೆ ಆಗುತ್ತಿತ್ತು. ಅದನ್ನು ಹತ್ತಲು ಕೆಲವರು ಬಂದರು. ಇದನ್ನು ನೋಡಿದ ಊರವರು 1990ರ ದಶಕದಲ್ಲಿ ಬೇಕಂತಲೇ ಕಂದರದ ಅಂಚಿಗೆ ಪೈಪು ಎಳೆದು, ರಾತ್ರಿ ನೀರು ಬಿಟ್ಟು, ಗೋಡೆ ಬೆಳೆಸಿದರು. 1996ರಿಂದ ಅಲ್ಲಿ ಜನವರಿಯಲ್ಲಿ ಮಂಜುಗಡ್ಡೆಯ ಹಬ್ಬ ನಡೆಯುತ್ತಿದೆ. ಹೊರಗಿನಿಂದ ಏನು ತಂದರು? ಪೈಪು, ಅಷ್ಟೇ. ನೀರೂ ಚಳಿಯೂ ಊರಿನದ್ದೇ.

ಜಪಾನಿನ ಸಪ್ಪೊರೊ ಇನ್ನೂ ಸಣ್ಣದಾಗಿ ಶುರು ಮಾಡಿತು. 1950ರಲ್ಲಿ ಹೈಸ್ಕೂಲು ಮಕ್ಕಳು ಊರಿನ ಓಡೊರಿ ಪಾರ್ಕಿನಲ್ಲಿ ಹಿಮದಿಂದ ಆರು ಮೂರ್ತಿ ಮಾಡಿ ನಿಲ್ಲಿಸಿದರು. ಇಂದು ಅದನ್ನು ನೋಡಲು ಬೇರೆ ದೇಶಗಳಿಂದ ಜನ ಬರುತ್ತಾರೆ. ಚೀನಾದ ಹಾರ್ಬಿನ್‌ನಲ್ಲಿ ಸೊಂಗ್ಹುವಾ ನದಿಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನೇ ಕಲ್ಲಿನ ಹಾಗೆ ಕೊಯ್ದು ಕೋಟೆ, ಗೋಪುರ ಕಟ್ಟುತ್ತಾರೆ. ಈ ಮೂರೂ ಊರಿನವರು ಚಳಿಗೆ ಶಾಪ ಹಾಕಿಕೊಂಡು ಒಳಗೇ ಕೂತಿರಬಹುದಿತ್ತು.

ದೂರ ಹೋಗುವುದು ಬೇಡ. ಗುಜರಾತಿನ ಡಾಂಗ್ ಜಿಲ್ಲೆಯ ಸಾಪುತಾರಾದಲ್ಲಿ ಸರ್ಕಾರವೇ ಮುಂದೆ ನಿಂತು ಮಳೆಗಾಲದ ಉತ್ಸವ ಮಾಡುತ್ತದೆ. ನಮಗಿರುವಷ್ಟು ಜಲಪಾತ ಅವರಿಗಿಲ್ಲ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುತ್ತಾಳೆ. ಆ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತಲೇ ಊರವರು ಕೆಪ್ಪ ಜೋಗ ಅನ್ನುವುದು. ಆದರೆ ಹೊರಗಿನವರು ಹೆಚ್ಚಾಗಿ ಬರುವುದು ಮಕ್ಕಳಿಗೆ ರಜೆ ಇರುವ ಏಪ್ರಿಲ್-ಮೇ ತಿಂಗಳಲ್ಲಿ. ಆಗ ಅಲ್ಲಿ ಬಂಡೆ ಕಾಣುತ್ತದೆ, ನೀರು ಎಳೆಯಷ್ಟು. ಮಾಗೋಡು, ಸಾತೊಡ್ಡಿ ಜಲಪಾತಗಳನ್ನೂ ನಾವು ತೋರಿಸುವುದು ತಪ್ಪು ತಿಂಗಳಲ್ಲಿ.

ಇನ್ನು ಊಟ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನ್ನ ಅಂಗಡಿಗೆ ಹಪ್ಪಳ ತಂದುಕೊಡುವ ಹೆಂಗಸರ ದುಡಿಮೆ ನನಗೆ ಗೊತ್ತು. ಏಪ್ರಿಲ್-ಮೇನಲ್ಲಿ ಬೆಳೆದ ಹಲಸಿನ ಕಾಯಿ ಇಳಿಸಿ, ಮೇಣ ಒರೆಸಿ, ತೊಳೆ ಬಿಡಿಸಿ ಬೇಯಿಸುತ್ತಾರೆ. ಬಿಸಿ ಇರುವಾಗಲೇ ಒರಳಲ್ಲಿ ಹಾಕಿ ಕುಟ್ಟಬೇಕು. ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಒಣಗಿಸಿ, ಡಬ್ಬಿಗೆ ತುಂಬಿಡುತ್ತಾರೆ. ಅದನ್ನು ತಿನ್ನುವ ಕಾಲ ಮಳೆಗಾಲ. ಕೆಂಡದ ಮೇಲೆ ಸುಟ್ಟು, ಕೊಬ್ಬರಿ ಎಣ್ಣೆ ಸವರಿ, ಹಸಿ ಕಾಯಿ ಚೂರಿನ ಜೊತೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹುಬ್ಬಳ್ಳಿಯವರು, ಬೆಂಗಳೂರಿನವರು ಆ ಹಪ್ಪಳವನ್ನು ಬೇಸಿಗೆಯಲ್ಲಿ ಪ್ಯಾಕೆಟ್ಟಿನಲ್ಲಿ ಒಯ್ಯುತ್ತಾರೆ, ಕಡಿಮೆ ರೇಟಿಗೆ. ಅದೇ ಹಪ್ಪಳವನ್ನು ಒಂದು ಹಂಚಿನ ಮನೆಯ ಜಗಲಿಯಲ್ಲಿ, ಸೂರಿನ ನೀರು ಅಂಗಳಕ್ಕೆ ಸುರಿಯುವಾಗ, ಬಿಸಿ ಕಷಾಯದ ಜೊತೆ ಕೊಟ್ಟು ನೋಡಿ. ಕಳಲೆ ಪಲ್ಯ, ಪತ್ರೊಡೆ, ಕೆಸುವಿನ ಕರ್ಕಲಿ, ಅಪ್ಪೆಹುಳಿ. ಇವೆಲ್ಲ ಈ ತಿಂಗಳುಗಳಿಗೇ ಹೇಳಿ ಮಾಡಿಸಿದ ಅಡುಗೆ.

ಕೂತಲ್ಲೇ ಪದ್ಯ, ಮಾತಿನಲ್ಲಿ ಯಕ್ಷಗಾನದ ಕಥೆ ನಡೆಸುವ ತಾಳಮದ್ದಲೆಯೂ ಹಾಗೆ. ಯಕ್ಷಗಾನ ಮೇಳಗಳು ಮಳೆ ಬಂದ ಕೂಡಲೇ ತಿರುಗಾಟ ನಿಲ್ಲಿಸುತ್ತವೆ. ಕಲಾವಿದರಿಗೆ ಅದು ಕೈ ಕಟ್ಟಿದ ಕಾಲ. ವೇಷ ಬೇಡ, ಬಯಲು ಬೇಡ, ನಾಲ್ಕು ಗೋಡೆ ಇದ್ದರೆ ಸಾಕು ಅನ್ನುವ ಕಲೆ ಮಳೆಗಾಲದಲ್ಲಿ ಅಲ್ಲದೆ ಇನ್ಯಾವಾಗ ನಡೆಯಬೇಕು?

ನಾನು ಕೇಳುತ್ತಿರುವುದು ದೊಡ್ಡ ಪೆಂಡಾಲು, ಸಿನಿಮಾದವರು, ಡಿಜೆ ಅಲ್ಲ. ಆಗಸ್ಟ್ ಕೊನೆಯ ಎರಡು ವಾರಾಂತ್ಯ. ಮೊದಲೇ ಹೆಸರು ಬರೆಸಿದವರಿಗೆ ಮಾತ್ರ. ಜಲಪಾತಕ್ಕೆ ಸ್ವಂತ ಕಾರು ಬಿಡುವುದಿಲ್ಲ, ನಮ್ಮ ಟೆಂಪೋಗಳಲ್ಲೇ, ಊರಿನ ಹುಡುಗರ ಜೊತೆ. ರಾತ್ರಿ ಶಾಲೆಯ ಹಾಲಿನಲ್ಲೋ ದೇವಸ್ಥಾನದಲ್ಲೋ ತಾಳಮದ್ದಲೆ.

ಜನ ಬರುವುದೇ ಬೇಡ ಅನ್ನುವವರಿಗೆ ಒಂದು ಮಾತು. ಅವರು ಈಗಲೂ ಬರುತ್ತಿದ್ದಾರೆ. ಜುಲೈ ತಿಂಗಳ ಭಾನುವಾರ ಜೋಗದ ದಾರಿಯಲ್ಲಿ ನಿಂತು ನೋಡಿ. ಮೊಬೈಲಿನಲ್ಲಿ ರೀಲ್ಸ್ ನೋಡಿ ಬರುತ್ತಾರೆ, ಜಾರುವ ಬಂಡೆ ಮೇಲೆ ನಿಲ್ಲುತ್ತಾರೆ, ತಂದ ಚಿಪ್ಸು ತಿಂದು ಕವರು ಎಸೆದು ಸಂಜೆಗೆ ವಾಪಸು. ಊರಿಗೆ ಒಂದು ಚಹಾದ ದುಡ್ಡೂ ಸಿಗುವುದಿಲ್ಲ. ಹಬ್ಬ ಅಂತ ಆದರೆ ಅವರಿಗೊಂದು ಲೆಕ್ಕ ಇರುತ್ತದೆ, ಜೊತೆಗೊಬ್ಬ ಊರಿನವನಿರುತ್ತಾನೆ, ರಾತ್ರಿ ಉಳಿಯುತ್ತಾರೆ. ಕೂಡಿಟ್ಟ ಹಪ್ಪಳಕ್ಕೆ ಸರಿಯಾದ ರೇಟು ಸಿಗುತ್ತದೆ.

ವಿರೋಧ: ಮಳೆಗಾಲ ನಮಗೆ ಖಾಲಿ ಕಾಲ ಅಲ್ಲ

ಪೇಟೆಯವರ ಕಷ್ಟ ನಿಜ. ಹಪ್ಪಳ ಮಾಡುವ ಹೆಂಗಸರಿಗೆ ಸರಿಯಾದ ದುಡ್ಡು ಸಿಗುತ್ತಿಲ್ಲ ಅನ್ನುವುದೂ ನಿಜ. ಆದರೆ ಆಗಸ್ಟ್‌ನಲ್ಲಿ ಊರು ಸುಮ್ನೆ ಕೂತಿದೆ ಅಂತ ಪೇಟೆಯ ಗಲ್ಲಾ ಪೆಟ್ಟಿಗೆಯ ಹಿಂದೆ ಕೂತವರಿಗೆ ಮಾತ್ರ ಅನ್ನಿಸಬಹುದು. ತೋಟಕ್ಕೆ ಇಳಿದು ನೋಡಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತಲೆಯಲ್ಲಿ ಇರುವುದು ಒಂದೇ, ಕೊಳೆ. ಮಳೆ ಬಿಡದೆ ಹಿಡಿದರೆ ಎಳೆ ಅಡಿಕೆ ಕೊಳೆತು ಮರದ ಬುಡಕ್ಕೆ ಉದುರುತ್ತದೆ. ವರ್ಷದ ಅನ್ನ ಅದು. ತಡೆಯಲು ಬೋರ್ಡೋ ಅನ್ನುವ ಮದ್ದು ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ ಒಂದು ಕಡೆ 50 ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು ಕಡೆ 50 ಲೀಟರಿನಲ್ಲಿ ಕರಗಿಸಿ, ಆಮೇಲೆ ಎರಡನ್ನೂ ಕೂಡಿಸಬೇಕು. ಸರಿಯಾಯಿತೋ ಇಲ್ಲವೋ ನೋಡಲು ಉಜ್ಜಿದ ಕತ್ತಿಯ ಅಲಗನ್ನು ಅದ್ದುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಕೊನೆಯೇ, ಅಂದರೆ ಅಡಿಕೆ ಗೊನೆಯೇ, ಸುಟ್ಟುಹೋಗುತ್ತದೆ. ಮೊದಲ ಸಲ ಮಳೆ ಹಿಡಿಯುವ ಹೊತ್ತಿಗೆ, ಮತ್ತೆ 40-45 ದಿನಕ್ಕೆ. ಮಳೆ ಜಾಸ್ತಿಯಾದರೆ ಮೂರನೆಯದು. ಆ ಮೂರನೆಯದು ಬರುವುದು ಸರಿಯಾಗಿ ಆಗಸ್ಟ್ ಕೊನೆಗೆ, ಅಂಗಡಿಕಾರರು ಹಬ್ಬ ಇಡಬೇಕೆನ್ನುವ ವಾರಕ್ಕೆ.

ಮದ್ದು ಹೊಡೆಯಲು ಮಳೆ ಹೊಳವಾಗಬೇಕು. ಹೊಡೆದದ್ದು ಒಣಗಲು ಎರಡು ಮೂರು ತಾಸಾದರೂ ಬಿಸಿಲೋ ಮೋಡವೋ ಇರಬೇಕು. ಅಂಥ ಬೆಳಗು ವಾರಕ್ಕೊಮ್ಮೆ ಸಿಕ್ಕರೆ ಪುಣ್ಯ. ಆ ಬೆಳಗು ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವವ, ಸಿಗಬೇಕು. ಅವರು ಈಗಲೇ ಕಡಿಮೆ. ಒಬ್ಬೊಬ್ಬರು ಎಷ್ಟೋ ತೋಟ ಸುಧಾರಿಸುತ್ತಾರೆ. ಉದ್ದ ಕೋಲಿನ ದೋಟಿ ಬಂದ ಮೇಲೆ ನೆಲದ ಮೇಲೆ ನಿಂತೇ ಮದ್ದು ಹೊಡೆಯಬಹುದು. ಆದರೆ ಅದಕ್ಕೂ ಕಸುವಿರುವ ಹುಡುಗರೇ ಬೇಕು. ಟೆಂಪೋ ಓಡಿಸಲು, ಜಲಪಾತದ ಹತ್ತಿರ ಹಗ್ಗ ಹಿಡಿಯಲು ಇವರು ಕರೆಯುವುದೂ ಅದೇ ಹುಡುಗರನ್ನು.

ಈಗ ದಾರಿ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಜಾರಿತು. ಅಲ್ಲಿ ರಸ್ತೆ ಪಕ್ಕ ಒಂದು ಚಹಾದ ಅಂಗಡಿ ಇತ್ತು. ಅಂಗಡಿ ನಡೆಸುತ್ತಿದ್ದ ಕುಟುಂಬವೂ ಹೋಯಿತು, ಚಹಾಕ್ಕೆ ನಿಂತವರೂ ಹೋದರು. ಗಂಗಾವಳಿ ನದಿಗೆ ಬಿದ್ದ ಒಂದು ಲಾರಿ, ಅದರ ಚಾಲಕನ ಸಮೇತ, ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ, ರಸ್ತೆ ಎಲ್ಲ ಮಣ್ಣಿನಡಿ ಹೋದವು. ದೇವಿಮನೆ, ಅರಬೈಲು ಘಟ್ಟಗಳಲ್ಲಿ ಮಳೆಗಾಲದ ರಾತ್ರಿ ಬಂದವರನ್ನು ಕೇಳಿ. ಮರ ಬಿದ್ದರೆ ಮುಂದೆಯೂ ಹೋಗಲಾಗದು, ಹಿಂದೆಯೂ ಬರಲಾಗದು, ಫೋನಿಗೆ ಸಿಗ್ನಲ್ ಇರುವುದಿಲ್ಲ. ಅಂಥ ದಾರಿಯಲ್ಲಿ 'ಬನ್ನಿ, ಹಬ್ಬಕ್ಕೆ ಬನ್ನಿ' ಅಂತ ಕರೆಯುವುದೆಂದರೆ ಕರೆದವರ ಮೇಲೆ ಹೊಣೆ ಇರುತ್ತದೆ.

ವಯನಾಡಿನಲ್ಲೂ 'ಸ್ಪ್ಲಾಶ್' ಅಂತ ಮಳೆಗಾಲದ ಉತ್ಸವ ಮಾಡುತ್ತಾ ಬಂದಿದ್ದರು. ಅದೇ ಜಿಲ್ಲೆಯಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನ ಸತ್ತರು. ಉತ್ಸವದಿಂದ ಗುಡ್ಡ ಕುಸಿಯಿತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ತಪ್ಪು. ಆದರೆ ಮಳೆ ಅಲ್ಲಿ ಏನು ಮಾಡಿತು ಅಂತ ನೋಡಿದ ಮೇಲೂ ಅದೇ ಘಟ್ಟಸಾಲಿನಲ್ಲಿ ಇರುವ ನಾವು ಅದೇ ತಿಂಗಳುಗಳನ್ನು ಮಾರಲು ಹೊರಡಬೇಕೇ?

ಮಂಜುಗಡ್ಡೆ ಊರುಗಳ ಉದಾಹರಣೆ ಕೇಳಲು ಚೆನ್ನಾಗಿದೆ. ಆದರೆ ಚಳಿ ಮತ್ತು ಮಳೆ ಒಂದೇ ಅಲ್ಲ. ಹಾರ್ಬಿನ್‌ನಲ್ಲಿ ಜನವರಿಗೆ ನದಿ ಹೆಪ್ಪುಗಟ್ಟಿರುತ್ತದೆ, ಅದು ಗೊತ್ತಿರುವ ವಿಷಯ. ಗಟ್ಟಿಯಾದ ಮೇಲೆ ಅದು ಎಲ್ಲಿಗೂ ಓಡುವುದಿಲ್ಲ. ನಮ್ಮ ಹೊಳೆ ಬೆಳಿಗ್ಗೆ ಮೊಣಕಾಲಿಗೆ ಇದ್ದದ್ದು ಮಧ್ಯಾಹ್ನ ಎದೆಮಟ್ಟಕ್ಕೆ ಏರುತ್ತದೆ. ಮೇಲೆ ಎಲ್ಲೋ ಸುರಿದ ಮಳೆ ಕೆಳಗಿನವರಿಗೆ ಕಾಣುವುದೇ ಇಲ್ಲ. ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಆ ದಿನ ಹಬ್ಬಕ್ಕೆ ರಜೆ ಕೊಡುವವರು ಯಾರು? ಮುಂಗಡ ಕೊಟ್ಟವರು ದುಡ್ಡು ವಾಪಸು ಕೇಳುತ್ತಾರೆ. ಅಕ್ಕಿ, ತರಕಾರಿ ತಂದಿಟ್ಟ ಹೋಂಸ್ಟೇಯವರು ಸಾಲದ ಮೇಲೆ ಸಾಲ ಮಾಡುತ್ತಾರೆ. ಹಾಗಾಗಬಾರದು ಅಂತ ಯಾರೋ ಒಬ್ಬರು 'ಇವತ್ತೊಂದಿನ ನಡೀಲಿ ಬಿಡಿ' ಅನ್ನುತ್ತಾರೆ. ನನಗೆ ಎಲ್ಲಕ್ಕಿಂತ ಹೆದರಿಕೆ ಆ ಮಾತಿನದ್ದು.

ಸಪ್ಪೊರೊದಲ್ಲೂ ಎಲ್ಲ ಸಲೀಸಾಗಿ ನಡೆದಿಲ್ಲ. 2020ರಲ್ಲಿ ಊರಿನಲ್ಲಿ ಹಿಮವೇ ಸಾಲದೆ ದೂರದಿಂದ ಲಾರಿಯಲ್ಲಿ ತರಿಸಿದರು. ಒಮ್ಮೆ ಹಬ್ಬ ಅಂತ ಶುರುವಾದರೆ ನಿಲ್ಲಿಸುವುದು ಕಷ್ಟ, ಹವಾಮಾನ ಬೇಡ ಅಂದರೂ ನಡೆಸಬೇಕಾಗುತ್ತದೆ.

ಇನ್ನೊಂದು ವಿಷಯ ಪೇಟೆಯವರಿಗೆ ಹೊಳೆಯುವುದಿಲ್ಲ. ನಮ್ಮ ಕೇರಿಯ ಮನೆಗಳಿಗೆ ನಲ್ಲಿ ಇಲ್ಲ. ಗುಡ್ಡದ ಮೇಲಿನ ಹಳ್ಳದಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲೋ ಪೈಪಿನಲ್ಲೋ ಇಳಿದು ಬರುವ ಅಬ್ಬಿ ನೀರೇ ಕುಡಿಯಲು, ಅಡುಗೆಗೆ, ಕೊಟ್ಟಿಗೆಗೆ. ಆ ಹಳ್ಳದ ಮೇಲ್ಭಾಗದಲ್ಲಿ ವಾರಕ್ಕೆ ನೂರಾರು ಜನ ಓಡಾಡಿದರೆ ಕೆಳಗೆ ಬರುವುದೇನು ಅಂತ ಯೋಚನೆ ಮಾಡಿ.

ಜನ ಹೇಗೂ ಬರುತ್ತಿದ್ದಾರೆ ಅನ್ನುವ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅದು ಸರಿಯಾದ ದೂರು. ಅದಕ್ಕೆ ಬೇಕಾದ್ದು ಜಲಪಾತದ ದಾರಿಯಲ್ಲಿ ಒಂದು ಗೇಟು, ಶುಲ್ಕ, ಊರಿನ ಇಬ್ಬರು ಕಾವಲಿಗೆ. ಅದನ್ನು ಈ ವರ್ಷವೇ ಮಾಡಬಹುದು. ಅದಕ್ಕೆ ಹಬ್ಬ ಯಾಕೆ ಬೇಕು?

ಹಪ್ಪಳದ ರೇಟಿನ ವಿಷಯಕ್ಕೂ ಶಿರಸಿಯಲ್ಲೇ ಉತ್ತರ ಇದೆ. ದಲ್ಲಾಳಿಗಳ ಕೈಯಲ್ಲಿ ಸಿಕ್ಕಿ ಬೆಳೆಗಾರರು ಸೋತಿದ್ದ ಕಾಲದಲ್ಲಿ, 1923ರಲ್ಲಿ, ನಮ್ಮ ಹಿರಿಯರು ತೋಟಗಾರರ ಮಾರಾಟ ಸಂಘ ಕಟ್ಟಿದರು. ಅದೇ ಇಂದಿನ ಟಿಎಸ್ಎಸ್. ನೂರು ವರ್ಷ ದಾಟಿದೆ. ಶಿರಸಿ ಸುಪಾರಿಗೆ, ಅಂದರೆ ಇಲ್ಲಿನ ಅಡಿಕೆಗೆ, 2019ರಲ್ಲಿ ಊರಿನ ಹೆಸರಿನ ಗುರುತಾದ ಜಿಐ ಮಾನ್ಯತೆಯೂ ಬಂತು. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿಗೆ ಅದಕ್ಕೂ ಮೊದಲೇ ಇತ್ತು. ಅಡಿಕೆಗೆ ಕಟ್ಟಿದ ಹಾಗೆ ಹಪ್ಪಳ, ಉಪ್ಪಿನಕಾಯಿ, ತೊಡದೇವು ಅನ್ನುವ ಸಿಹಿತಿಂಡಿಗೂ ಖರೀದಿ, ದರ್ಜೆ, ಮಾರಾಟದ ವ್ಯವಸ್ಥೆ ಕಟ್ಟಿದರೆ ಆ ಹೆಂಗಸರಿಗೆ ಹನ್ನೆರಡು ತಿಂಗಳೂ ದುಡ್ಡು ಬರುತ್ತದೆ, ಎರಡು ವಾರಾಂತ್ಯ ಮಾತ್ರ ಅಲ್ಲ.

ಹಬ್ಬ ಬೇಕೇ ಬೇಕು ಅಂದರೆ ತಿಂಗಳು ಬದಲಿಸಿ. ದೀಪಾವಳಿ ಮುಗಿದು ಅಡಿಕೆಯ ಕೊನೆಕೊಯ್ಲು ಶುರುವಾಗುವ ನಡುವೆ ಸ್ವಲ್ಪ ದಿನ ಬಿಡುವು ಸಿಗುತ್ತದೆ. ಉಂಚಳ್ಳಿಯಲ್ಲಿ ಆಗಲೂ ನೋಡುವಷ್ಟು ನೀರಿರುತ್ತದೆ. ಮಳೆಗಾಲದಲ್ಲಿ ಹೊಳೆಯಲ್ಲಿ ಮುಳುಗಿದ್ದ, ಲಿಂಗ ಕೆತ್ತಿದ ಸಹಸ್ರಲಿಂಗದ ಬಂಡೆಗಳು ಒಂದೊಂದಾಗಿ ಮೇಲೆ ಬರುತ್ತಿರುತ್ತವೆ. ಘಟ್ಟದ ರಸ್ತೆ ಒಣಗಿರುತ್ತದೆ, ರಕ್ತ ಹೀರುವ ಉಂಬಳ ಕಡಿಮೆಯಾಗಿರುತ್ತದೆ. ಆಗ ತಾಳಮದ್ದಲೆ ಇಟ್ಟುಕೊಳ್ಳುವುದಾದರೆ ನಮ್ಮ ಮನೆಯ ಜಗಲಿ ಇದೆ, ಐವತ್ತು ಜನ ಆರಾಮಾಗಿ ಕೂರಬಹುದು. ಹಪ್ಪಳ ಸುಡಲು ಕೆಂಡವನ್ನೂ ನಾನೇ ಹಾಕಿಕೊಡುತ್ತೇನೆ.